ಹೇಗಿದ್ದೀರಿ ಎಂದು ಯಾವ ಹೊತ್ತಿನಲ್ಲಿ ಕೇಳಬೇಕು?

ಕಾಗದದ ಮೇಲೆ ಹತ್ತು ಸೆಂಟಿಮೀಟರ್ ಉದ್ದದ ಒಂದು ಗೆರೆ. ಗೆರೆಯ ಈ ತುದಿಯಲ್ಲಿದ್ದರೆ ಬದುಕುವ ಆಸೆ ಪೂರ್ತಿ ಬತ್ತಿದೆ, ಆ ತುದಿಯಲ್ಲಿದ್ದರೆ ಇನ್ನೂ ಗಟ್ಟಿಯಾಗಿದೆ. ಈ ಕ್ಷಣಕ್ಕೆ ತಾನು ಎಲ್ಲಿದ್ದೇನೆ ಅನ್ನಿಸುತ್ತದೋ ಅಲ್ಲೊಂದು ಗುರುತು ಹಾಕುವುದಷ್ಟೇ ರೋಗಿಯ ಕೆಲಸ. ಕೆನಡಾದ ವಿನಿಪೆಗ್ ನಗರದಲ್ಲಿ ಮನೋವೈದ್ಯ ಹಾರ್ವಿ ಚೊಚಿನೋವ್ ಮತ್ತು ಸಂಗಡಿಗರು ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಗೆಂದು ದಾಖಲಾಗಿದ್ದ 168 ಕ್ಯಾನ್ಸರ್ ರೋಗಿಗಳಿಂದ ದಿನಕ್ಕೆರಡು ಸಲ ಇಂಥ ಗುರುತು ಹಾಕಿಸಿಕೊಂಡರು. ಎಲ್ಲರೂ ಕಾಯಿಲೆಯ ಕೊನೆಯ ಹಂತದಲ್ಲಿದ್ದವರು.

1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಇದರ ಫಲಿತಾಂಶ ವಿಚಿತ್ರವಾಗಿತ್ತು. ಹೆಚ್ಚಿನ ಸಲ ಗುರುತು ಅಷ್ಟಾಗಿ ಕದಲಿರಲಿಲ್ಲ, ಹೆಚ್ಚೆಂದರೆ ಒಂದು ಸೆಂಟಿಮೀಟರಿನೊಳಗೆ. ಆದರೆ ಪ್ರತಿ ರೋಗಿಯ ಅತಿ ದೊಡ್ಡ ಏರಿಳಿತವನ್ನು ಮಾತ್ರ ಆರಿಸಿ ಸರಾಸರಿ ತೆಗೆದಾಗ ಚಿತ್ರವೇ ಬದಲಾಯಿತು. ಹನ್ನೆರಡು ಗಂಟೆಯೊಳಗಿನ ಏರಿಳಿತ 33 ಮಿಲಿಮೀಟರ್. ಏಳು ದಿನದಲ್ಲಿ ಸುಮಾರು 49, ಮೂವತ್ತು ದಿನದಲ್ಲಿ 68. ಬೆಳಿಗ್ಗೆ ‘ಸಾಕಪ್ಪಾ ಸಾಕು’ ಎಂದ ಜೀವವೇ ಸಂಜೆ ಗೆರೆಯ ಮೂರನೇ ಒಂದು ಭಾಗ ದಾಟಿ ಆಚೆ ನಿಂತಿರುತ್ತಿತ್ತು. ಏರಿಳಿತಕ್ಕೆ ಕಾರಣಗಳೂ ಒಂದೇ ಆಗಿರಲಿಲ್ಲ. ದಾಖಲಾದ ಹೊಸತರಲ್ಲಿ ಆತಂಕ, ಆಮೇಲೆ ಖಿನ್ನತೆ, ಸಾವು ಹತ್ತಿರವಾದಂತೆ ಉಸಿರಾಟದ ಕಷ್ಟ. ಹೀಗೆ ಆಸೆಯನ್ನು ಅಲುಗಾಡಿಸುವ ಕೈ ಬದಲಾಗುತ್ತಾ ಹೋಯಿತು.

ಈ 168 ಜನರನ್ನು ತಿಂಗಳಿಗೆ ಒಂದೇ ಸಲ, ಯಾವುದೋ ಒಂದು ಮಂಗಳವಾರ ಮಧ್ಯಾಹ್ನ ಕೇಳಿದ್ದರೆ? ಸಿಗುತ್ತಿದ್ದ ಅಂಕಿಯನ್ನು ಸುಳ್ಳು ಎನ್ನಲಾಗುತ್ತಿರಲಿಲ್ಲ. ಅದು ಆ ಮಧ್ಯಾಹ್ನದ ಮಟ್ಟಿಗೆ ನಿಜ. ಕ್ಯಾನ್ಸರ್ ಸಂಶೋಧನೆಯಲ್ಲಿ ತೊಂದರೆ ಶುರುವಾಗುವುದೇ ಇಲ್ಲಿಂದ. ಒಂದು ಮಧ್ಯಾಹ್ನದ ಮಾತನ್ನು ಇಡೀ ತಿಂಗಳ ಬದುಕೆಂದು ಓದಲಾಗುತ್ತದೆ, ಅದರ ಮೇಲೆ ಔಷಧದ ಬೆಲೆ, ಚಿಕಿತ್ಸೆಯ ನಿಯಮ, ಮುಂದಿನ ರೋಗಿಯ ಹಣೆಬರಹ ಎಲ್ಲವೂ ತೀರ್ಮಾನವಾಗುತ್ತವೆ.

ರೋಗಿಯ ಬದುಕಿನ ಗುಣಮಟ್ಟವನ್ನು ಅಳೆಯುವ ಹಟ ಹೊಸದೇನಲ್ಲ. ಅಮೆರಿಕದ ವೈದ್ಯ ಡೇವಿಡ್ ಕಾರ್ನಾಫ್‌ಸ್ಕಿ 1940ರ ದಶಕದ ಕೊನೆಯಲ್ಲೇ ಸೊನ್ನೆಯಿಂದ ನೂರರವರೆಗಿನ ಒಂದು ಮಾಪಕ ಮಾಡಿದ್ದರು. ಎದ್ದು ಓಡಾಡುವವರಿಗೆ ಹೆಚ್ಚು ಅಂಕ, ಹಾಸಿಗೆ ಹಿಡಿದವರಿಗೆ ಕಡಿಮೆ, ಸತ್ತವರಿಗೆ ಸೊನ್ನೆ. ಅಂಕ ಕೊಡುತ್ತಿದ್ದವರು ವೈದ್ಯರು. ರೋಗಿಯನ್ನೇ ಕೇಳೋಣ ಎಂಬ ಯೋಚನೆ ಗಟ್ಟಿಯಾಗಲು ದಶಕಗಳೇ ಬೇಕಾದವು. ಇವತ್ತು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿಗಳಲ್ಲೊಂದು ಯೂರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿಯ ‘ಕ್ಯೂಎಲ್‌ಕ್ಯೂ-ಸಿ30’. ನೀಲ್ ಆರನ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಇದರಲ್ಲಿ ಮೂವತ್ತು ಪ್ರಶ್ನೆಗಳಿವೆ. ನೋವಿತ್ತೇ, ನಿದ್ದೆ ಬಂತೇ, ಊಟ ಸೇರಿತೇ, ಕಾಯಿಲೆಯಿಂದ ಮನೆಯವರಿಗೆ ತೊಂದರೆಯಾಯಿತೇ, ದುಡ್ಡಿಗೆ ಕಷ್ಟವಾಯಿತೇ ಎಂಬಂಥವು. ಕನ್ನಡದಲ್ಲೂ ಇದು ಲಭ್ಯವಿದೆ.

ಈ ಪ್ರಶ್ನೆಗಳಲ್ಲಿ ಬಹುಪಾಲು ಕೇಳುವುದು ‘ಕಳೆದ ಒಂದು ವಾರ’ದ ಬಗ್ಗೆ. ಗಟ್ಟಿಮುಟ್ಟಾಗಿರುವವರಿಗೆ ವಾರವೆಂದರೆ ಭಾನುವಾರದಿಂದ ಶನಿವಾರ, ಹೆಚ್ಚೇನೂ ವ್ಯತ್ಯಾಸವಿಲ್ಲ. ಇನ್ನು ನಾಲ್ಕು ವಾರವಷ್ಟೇ ಉಳಿದಿರುವವರಿಗೆ ಅದು ಉಳಿದ ಆಯುಷ್ಯದ ಕಾಲು ಭಾಗ. ಸೋಮವಾರ ತಾವೇ ನಡೆದು ಬಚ್ಚಲಿಗೆ ಹೋದವರು ಶುಕ್ರವಾರದ ಹೊತ್ತಿಗೆ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಕಾಯುತ್ತಿರುತ್ತಾರೆ. ವಾರ ಹೇಗಿತ್ತು ಎಂದರೆ ಅವರು ಯಾವ ದಿನದ ಲೆಕ್ಕ ಕೊಡಬೇಕು?

ಇದನ್ನು ಮನಗಂಡವರು ಬೇರೆ ಬೇರೆ ದಾರಿ ಹುಡುಕಿದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ರಾಬಿನ್ ಕೋಹೆನ್ ಮತ್ತು ಬಾಲ್ಫರ್ ಮೌಂಟ್ 1990ರ ದಶಕದ ನಡುವೆ ರೂಪಿಸಿದ ಪ್ರಶ್ನಾವಳಿ ಕಳೆದ ಎರಡೇ ದಿನಗಳ ಬಗ್ಗೆ ಕೇಳುತ್ತದೆ. ಎಡ್ಮಂಟನ್‌ನಲ್ಲಿ ಎಡ್ವಾರ್ಡೊ ಬ್ರುಯೆರಾ ಇನ್ನೂ ಮುಂದೆ ಹೋದರು. 1991ರಲ್ಲಿ ಅವರ ತಂಡ ಹೊರತಂದ ಲಕ್ಷಣಗಳ ಪಟ್ಟಿಯನ್ನು ರೋಗಿಗಳು ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ತುಂಬುತ್ತಿದ್ದರು. ನೋವು, ವಾಕರಿಕೆ, ಖಿನ್ನತೆ, ಆತಂಕ, ಮಂಪರು, ಹಸಿವು, ಉಸಿರಾಟ ಒಂದೊಂದಕ್ಕೂ ಒಂದೊಂದು ಗೆರೆ. ತುಂಬಿದ ಅಂಕಗಳನ್ನು ನಕ್ಷೆಯಾಗಿ ರೋಗಿಯ ಕಡತಕ್ಕೆ ಹಾಕುತ್ತಿದ್ದರು, ರೌಂಡ್ಸಿಗೆ ಬಂದ ವೈದ್ಯರಿಗೆ ಏರಿಳಿತ ಕಣ್ಣಿಗೆ ಕಾಣಲಿ ಎಂದು. ಗೆರೆ ಹೋಗಿ ಸೊನ್ನೆಯಿಂದ ಹತ್ತರ ಅಂಕಿ ಬಂದು, ಸ್ವಲ್ಪ ತಿದ್ದುಪಡಿಯೂ ಆಗಿ, ಅದೇ ಪಟ್ಟಿ ಇವತ್ತು ಭಾರತದ ಉಪಶಮನ ಆರೈಕೆ ಕೇಂದ್ರಗಳಲ್ಲೂ ಓಡಾಡುತ್ತಿದೆ. ಅದು ಕೇಳುವುದು ಈಗ ಹೇಗಿದೆ ಎಂದು ಮಾತ್ರ.

ಎರಡು ಹೊತ್ತು ಕೇಳುವುದು ಅತಿಯಾಯಿತು ಅನ್ನಿಸಬಹುದು. ಮಾರ್ಫಿನ್ ಮಾತ್ರೆಯ ವೇಳಾಪಟ್ಟಿ ನೋಡಿದರೆ ಹಾಗನ್ನಿಸುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು ಎಂದು ಗಂಟೆ ನೋಡಿ ನುಂಗಬೇಕು. ರಾತ್ರಿ ಹತ್ತಕ್ಕೆ ಎರಡು ಪಟ್ಟು ಕೊಡುವುದು ರೂಢಿ, ನಡುರಾತ್ರಿ ನೋವಿಗೆ ಎಚ್ಚರವಾಗದಿರಲೆಂದು. ಮನೆಗೆ ಬರುವ ನರ್ಸ್ ಒಂಬತ್ತೂಮುಕ್ಕಾಲಕ್ಕೆ ‘ಅಜ್ಜಿ, ಹತ್ತರಲ್ಲಿ ನೋವಿಗೆ ಎಷ್ಟು ಕೊಡ್ತೀರಿ?’ ಎಂದರೆ ಉತ್ತರ ಏಳೋ ಎಂಟೋ ಆಗಬಹುದು. ಅದೇ ನರ್ಸ್ ದಾರಿಯಲ್ಲಿ ತಡವಾಗಿ ಹನ್ನೊಂದಕ್ಕೆ ಬಂದರೆ ಮಾತ್ರೆ ಆಗಲೇ ಹಿಡಿದಿರುತ್ತದೆ, ಅಜ್ಜಿ ಮೂರು ಎನ್ನುತ್ತಾರೆ. ಎರಡೂ ಸರಿ. ಒಂಬತ್ತೂಮುಕ್ಕಾಲರ ಉತ್ತರದಿಂದ ಮಾತ್ರೆಯ ಪ್ರಮಾಣ ಸಾಲುತ್ತಿಲ್ಲವೆಂದು ಗೊತ್ತಾಗುತ್ತದೆ, ಹನ್ನೊಂದರ ಉತ್ತರದಿಂದ ಈ ನೋವು ಮಾರ್ಫಿನ್‌ಗೆ ಬಗ್ಗುತ್ತದೆಂದು ಗೊತ್ತಾಗುತ್ತದೆ. ಹಾಳೆಯಲ್ಲಿ ಅಂಕಿಯ ಪಕ್ಕ ಗಂಟೆ ಬರೆಯದಿದ್ದರೆ ಎರಡೂ ತಿಳಿವಳಿಕೆ ಕೈತಪ್ಪಿಹೋಗುತ್ತವೆ.

ಕೀಮೊಥೆರಪಿಯ ವಿಷಯದಲ್ಲಿ ಈ ಗಡಿಯಾರದ ಆಟ ಇನ್ನೂ ದೊಡ್ಡದು. ಅನೇಕ ಕೀಮೋ ಔಷಧಗಳನ್ನು ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಔಷಧ ಹೋದ ಮೊದಲ ಕೆಲವು ದಿನ ವಾಕರಿಕೆ, ಸುಸ್ತು. ಸಿಸ್‌ಪ್ಲಾಟಿನ್‌ನಂಥ ಔಷಧಗಳಲ್ಲಿ ಎರಡನೇ, ಮೂರನೇ ದಿನಕ್ಕೆ ವಾಂತಿ ಮತ್ತೆ ತಲೆಯೆತ್ತುವುದುಂಟು. ಒಂದರಿಂದ ಎರಡು ವಾರದ ನಡುವೆ ಬಿಳಿ ರಕ್ತಕಣ ಕುಸಿದು ಜ್ವರ, ಸೋಂಕಿನ ಭಯ. ಮೂರನೇ ವಾರದ ಕೊನೆಗೆ ದೇಹ ಕೊಂಚ ಚೇತರಿಸಿಕೊಂಡು ಬಾಯಿಗೆ ರುಚಿ ಬಂದಿರುತ್ತದೆ. ಅಷ್ಟರಲ್ಲಿ ಮುಂದಿನ ಡೋಸ್. ಪ್ರಶ್ನಾವಳಿ ತುಂಬಿಸಿಕೊಳ್ಳುವುದು ಯಾವಾಗ? ರೋಗಿ ಆಸ್ಪತ್ರೆಗೆ ಬರುವುದೇ ಡೋಸ್‌ಗಾಗಿ, ಆದ್ದರಿಂದ ಅವತ್ತೇ, ಸೂಜಿ ಹಾಕುವ ಮುಂಚೆ. ಎಂದರೆ ಇಪ್ಪತ್ತೊಂದು ದಿನಗಳಲ್ಲಿ ಅತ್ಯಂತ ಒಳ್ಳೆಯ ದಿನವೇ ದಾಖಲೆಗೆ ಸೇರುತ್ತದೆ. ‘ಕಳೆದ ವಾರ’ ಎಂದು ಕೇಳಿದರೂ ಅದು ಮೂರು ವಾರಗಳ ಪೈಕಿ ಒಳ್ಳೆಯ ವಾರವೇ. ವಾಂತಿಯ ಮೂರು ದಿನಗಳು ಯಾವ ಕಾಗದದ ಮೇಲೂ ಬೀಳುವುದಿಲ್ಲ.

ಇದರ ಮೇಲೆ ಇನ್ನೊಂದು ಪದರ. ಡೊಸಿಟಾಕ್ಸೆಲ್ ಎಂಬ ಕೀಮೋ ಕೊಡುವಾಗ ಅಲರ್ಜಿ ಮತ್ತು ಮೈ ಊದುವುದನ್ನು ತಡೆಯಲು ಹಿಂದಿನ ದಿನದಿಂದಲೇ ಸ್ಟೀರಾಯ್ಡ್ ಮಾತ್ರೆ ಶುರು ಮಾಡುವುದು ವಾಡಿಕೆ. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಕೆಲವರಲ್ಲಿ ಇಲ್ಲದ ಉತ್ಸಾಹವನ್ನೂ ತುಂಬುತ್ತದೆ. ಆ ಬೆಳಿಗ್ಗೆ ಫಾರಂ ತುಂಬುವ ರೋಗಿ ಒಳ್ಳೆಯ ದಿನದಲ್ಲೂ ಇನ್ನಷ್ಟು ಒಳ್ಳೆಯ ಬೆಳಗಿನಲ್ಲಿರುತ್ತಾರೆ. ಔಷಧ ಕಂಪನಿಯವರು ಬೇಕೆಂದೇ ಹೀಗೆ ಮಾಡುತ್ತಾರೆ ಎಂದಲ್ಲ, ಆಸ್ಪತ್ರೆಯ ಅನುಕೂಲವೇ ಹೀಗಿದೆ. ಫಲ ಮಾತ್ರ ಒಂದೇ. ಕಡುಚಿಕಿತ್ಸೆ ಕಾಗದದ ಮೇಲೆ ಸೌಮ್ಯವಾಗಿ ಕಾಣುತ್ತದೆ. ಇನ್ನು ಕೆಲವೇ ತಿಂಗಳು ಉಳಿದಿರುವವರಿಗೆ ಇದು ಸಣ್ಣ ವಿಷಯವಲ್ಲ, ‘ಇನ್ನೊಂದು ಸುತ್ತು ಕೀಮೋ ತಗೊಳ್ಳೋಣವೇ ಬೇಡವೇ’ ಎಂದು ಮನೆಯಲ್ಲಿ ಕೂತು ಚರ್ಚಿಸುವಾಗ ಕೈಗೆ ಸಿಗುವುದು ಅದೇ ಕಾಗದ.

ವಿಕಿರಣ ಚಿಕಿತ್ಸೆಯಲ್ಲಿ ಗಡಿಯಾರ ತಿರುಗುವುದು ಉಲ್ಟಾ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಒಂದೇ ಸಲದ ವಿಕಿರಣವೂ ಸಾಕಾಗುತ್ತದೆ ಎಂದು ತೋರಿಸಿದ ಪ್ರಯೋಗಗಳಲ್ಲಿ ನೆದರ್ಲೆಂಡ್ಸಿನದು ಪ್ರಸಿದ್ಧ. 1,100ಕ್ಕೂ ಹೆಚ್ಚು ರೋಗಿಗಳಿಗೆ ಅಲ್ಲಿನವರು ವಾರ ವಾರವೂ ಪ್ರಶ್ನಾವಳಿ ಕಳಿಸಿದರು. ಹಾಗೆ ಬಿಡದೆ ಬೆನ್ನುಹತ್ತಿದ್ದಕ್ಕೆ ಬೆಲೆಯಿದೆ. ಈ ಚಿಕಿತ್ಸೆಯಲ್ಲಿ ಮೊದಲ ಕೆಲವು ದಿನ ಮೂವರಲ್ಲಿ ಒಬ್ಬರಿಗಾದರೂ ನೋವು ಹೆಚ್ಚುತ್ತದೆ, ಪೂರ್ತಿ ಆರಾಮ ಸಿಗಲು ಮೂರು ನಾಲ್ಕು ವಾರ ಬೇಕಾಗಬಹುದು. ಮೂರನೇ ದಿನ ಕೇಳಿದವರಿಗೆ ಚಿಕಿತ್ಸೆಯೇ ಶಿಕ್ಷೆ, ತಿಂಗಳ ನಂತರ ಕೇಳಿದವರಿಗೆ ಅದೇ ವರ. ತಿಂಗಳ ತನಕ ಬದುಕದ ರೋಗಿಗೆ ಏನು ಹೇಳಬೇಕೆಂಬ ಪ್ರಶ್ನೆ ಈ ಎರಡರ ನಡುವೆ ಸಿಕ್ಕಿಕೊಂಡಿದೆ.

ಪ್ರಶ್ನೆಯ ಹೊತ್ತು ಒಂದು ತಿಂಗಳಷ್ಟು ಆಚೀಚೆಯಾದರೆ ತೀರ್ಪು ಹೇಗೆ ತಿರುಗುತ್ತದೆ ಎಂಬುದಕ್ಕೆ ಟೊರೊಂಟೊದ ಪ್ರಿನ್ಸೆಸ್ ಮಾರ್ಗರೆಟ್ ಕ್ಯಾನ್ಸರ್ ಕೇಂದ್ರದ ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕ್ಯಾಮಿಲ್ಲಾ ಜಿಮ್ಮರ್‌ಮನ್ ನೇತೃತ್ವದಲ್ಲಿ 24 ಕ್ಲಿನಿಕ್‌ಗಳ 461 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಮೊದಲಿಂದಲೇ ಉಪಶಮನ ಆರೈಕೆ ಕೊಟ್ಟರು, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. ಗೆಲುವು ಸೋಲನ್ನು ಮೂರನೇ ತಿಂಗಳ ಕೊನೆಗೆ ಮುಖ್ಯ ಮಾಪಕದಿಂದ ನಿರ್ಧರಿಸುವುದೆಂದು ಮೊದಲೇ ಬರೆದಿಟ್ಟಿದ್ದರು. ಮೂರನೇ ತಿಂಗಳು ಲೆಕ್ಕ ಹಾಕಿದಾಗ ಎರಡು ಗುಂಪಿನ ನಡುವೆ ಸಂಖ್ಯಾಶಾಸ್ತ್ರ ಒಪ್ಪುವಂಥ ಅಂತರ ಇರಲಿಲ್ಲ. ನಾಲ್ಕನೇ ತಿಂಗಳು ಅಂತರ ಸ್ಪಷ್ಟವಾಗಿತ್ತು. 2014ರಲ್ಲಿ ಪ್ರಕಟವಾದ ವರದಿಯಲ್ಲಿ ಎರಡೂ ಅಂಕಿ ಇವೆ. ಪ್ರಯೋಗವೊಂದನ್ನು ‘ಯಶಸ್ವಿಯಾಗಲಿಲ್ಲ’ ಎನ್ನುವುದಕ್ಕೂ ‘ಪ್ರಯೋಜನ ಕಂಡಿತು’ ಎನ್ನುವುದಕ್ಕೂ ನಡುವೆ ಮೂವತ್ತೇ ದಿನ. ಆರೈಕೆಯ ಫಲ ಕಾಣಲು ಹೊತ್ತು ಹಿಡಿಯುತ್ತದೆ ಎಂಬುದು ಇಲ್ಲಿನ ಸರಳ ವಿವರಣೆ.

ಹಾಗಾದರೆ ತಡವಾಗಿ ಕೇಳುವುದೇ ವಾಸಿಯೇ? ತಡ ಮಾಡಿದಷ್ಟೂ ಉತ್ತರ ಕೊಡುವವರು ಕಡಿಮೆಯಾಗುತ್ತಾ ಹೋಗುತ್ತಾರೆ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೆನ್ನಿಫರ್ ಟೆಮೆಲ್ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಉಪಶಮನ ಆರೈಕೆಯ ಚರಿತ್ರೆಯಲ್ಲೇ ಹೆಚ್ಚು ಉಲ್ಲೇಖವಾಗುವಂಥದ್ದು. ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳು. ಹನ್ನೆರಡನೇ ವಾರ ಅಳೆದಾಗ, ಬೇಗ ಉಪಶಮನ ಆರೈಕೆ ಸಿಕ್ಕವರ ಬದುಕಿನ ಗುಣಮಟ್ಟ ಮೇಲಿತ್ತು. ಖಿನ್ನತೆಯ ಲಕ್ಷಣ ಇದ್ದವರು ಅವರಲ್ಲಿ ಶೇ 16, ಇನ್ನೊಂದು ಗುಂಪಿನಲ್ಲಿ ಶೇ 38. ಆಯುಷ್ಯವೂ ಹೆಚ್ಚು ಸಿಕ್ಕಿತ್ತು, 8.9 ತಿಂಗಳ ಬದಲು 11.6. ಇದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಹೆಚ್ಚು ಜನ ಗಮನಿಸುವುದಿಲ್ಲ. ಹನ್ನೆರಡು ವಾರದೊಳಗೆ 27 ಜನ ತೀರಿಕೊಂಡಿದ್ದರು. ಬದುಕಿದ್ದ 124ರಲ್ಲಿ ಪ್ರಶ್ನಾವಳಿ ತುಂಬಿದವರು 107. ಈ ಕ್ಷೇತ್ರದಲ್ಲಿ ಇದು ಬಹಳ ಒಳ್ಳೆಯ ಹಾಜರಿ ಎನ್ನಿಸಿಕೊಳ್ಳುತ್ತದೆ.

ಬಿಟ್ಟುಹೋಗುವವರು ಯಾರು ಎಂಬುದೇ ಇಲ್ಲಿ ಮುಖ್ಯ. ಪೆನ್ನು ಹಿಡಿಯಲಾಗದಷ್ಟು ನಿತ್ರಾಣವಾದವರು, ಮಂಪರು ಕವಿದವರು, ಉಸಿರಿಗೆ ಒದ್ದಾಡುತ್ತಿರುವವರು. ಜ್ವರ ಬಂದ ಮಕ್ಕಳೆಲ್ಲ ಮನೆಯಲ್ಲುಳಿದ ದಿನ ಶಾಲೆಗೆ ಬಂದವರನ್ನಷ್ಟೇ ನೋಡಿ ಊರಿನ ಮಕ್ಕಳೆಲ್ಲ ಗಟ್ಟಿಮುಟ್ಟಾಗಿದ್ದಾರೆ ಎಂದು ವರದಿ ಕೊಟ್ಟ ಹಾಗೆ ಇದು. ತಿಂಗಳು ಕಳೆದಂತೆ ಗುಂಪಿನ ಸರಾಸರಿ ಅಂಕ ಏರುತ್ತಾ ಹೋಗುವುದೂ ಉಂಟು. ಯಾರೂ ಚೇತರಿಸಿಕೊಂಡಿರುವುದಿಲ್ಲ, ಹೆಚ್ಚು ಬಳಲಿದವರು ಲೆಕ್ಕದಿಂದ ಆಚೆ ಹೋಗಿರುತ್ತಾರೆ ಅಷ್ಟೇ. ಸಂಖ್ಯಾಶಾಸ್ತ್ರಜ್ಞರು ಇದಕ್ಕೆ ನಾನಾ ಉಪಾಯ ಮಾಡುತ್ತಾರೆ. ಅವುಗಳಲ್ಲಿ ಒಂದು ನಿಜಕ್ಕೂ ಜಾಣತನದ್ದು. ಪ್ರಯೋಗಕ್ಕೆ ಸೇರಿದ ದಿನದಿಂದ ಮುಂದಕ್ಕೆ ಎಣಿಸುವ ಬದಲು ಸಾವಿನ ದಿನದಿಂದ ಹಿಂದಕ್ಕೆ ಎಣಿಸುವುದು.

ಹಿಂದಕ್ಕೆ ಎಣಿಸಿದಾಗ ಏನು ಕಾಣುತ್ತದೆಂದು ಕೆನಡಾದ ಒಂಟಾರಿಯೊ ಪ್ರಾಂತದ ಹತ್ತು ಸಾವಿರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ಕೊನೆಯ ಆರು ತಿಂಗಳ ದಾಖಲೆಗಳು ತೋರಿಸಿವೆ. ಹ್ಸಿಯೆನ್ ಸಿಯೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ನೋವು, ವಾಕರಿಕೆ, ಆತಂಕ, ಖಿನ್ನತೆಯ ಗೆರೆಗಳು ಆರು ತಿಂಗಳೂ ಹೆಚ್ಚುಕಡಿಮೆ ಮಟ್ಟಸವಾಗಿದ್ದವು. ಸುಸ್ತು, ಮಂಪರು, ಹಸಿವಿಲ್ಲದಿರುವುದು, ಉಸಿರಾಟದ ಕಷ್ಟ ಮಾತ್ರ ಕೊನೆಯ ತಿಂಗಳಲ್ಲಿ ಕಡಿದಾಗಿ ಏರಿದವು. ಓಡಾಡುವ ಶಕ್ತಿಯೂ ಅಷ್ಟೇ, ಐದು ತಿಂಗಳು ಮೆಲ್ಲಗೆ ಇಳಿದು ಆರನೆಯದರಲ್ಲಿ ಧೊಪ್ಪನೆ ಬಿತ್ತು. ಸಾಯುವಾಗ ನೋವಿನಿಂದ ಚೀರಾಡುತ್ತಾರೇನೋ ಎಂದು ಹೆದರುವ ಮನೆಯವರಿಗೆ ಇದರಲ್ಲಿ ಸ್ವಲ್ಪ ಸಮಾಧಾನವಿದೆ. ಕೇಳುವವರಿಗೆ ಪಾಠವೂ ಇದೆ. ಮೊದಲ ಐದು ತಿಂಗಳು ತಿಂಗಳಿಗೊಮ್ಮೆ ಕೇಳಿದರೆ ಹೆಚ್ಚೇನೂ ತಪ್ಪಿಹೋಗುವುದಿಲ್ಲ, ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆಯೂ ಸಾಲದು.

ತೊಡಕೇನೆಂದರೆ ಕೊನೆಯ ತಿಂಗಳು ಯಾವುದೆಂದು ಆ ತಿಂಗಳಲ್ಲಿ ಇರುವಾಗ ಯಾರಿಗೂ ಗೊತ್ತಿರುವುದಿಲ್ಲ. ವೈದ್ಯರಿಗೂ. ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಮಾಂಟ್ ಶಿಕಾಗೊದಲ್ಲಿ ಕೊನೆಗಾಲದ ಆರೈಕೆ ಕೊಡುವ ಹಾಸ್ಪಿಸ್‌ಗಳಿಗೆ ಸೇರಿದ 468 ರೋಗಿಗಳ ಬಗ್ಗೆ ಅವರನ್ನು ಕಳಿಸಿದ 343 ವೈದ್ಯರನ್ನು ಕೇಳಿದ್ದರು, ಇವರು ಇನ್ನೆಷ್ಟು ದಿನ ಬದುಕಬಹುದು ಎಂದು. 2000ದಲ್ಲಿ ಹೊರಬಂದ ಫಲಿತಾಂಶದಂತೆ ಅಂದಾಜು ಸರಿಹೋದದ್ದು ಶೇ 20ರಷ್ಟು ಮಾತ್ರ. ಶೇ 63ರಷ್ಟು ಅಂದಾಜುಗಳು ವಾಸ್ತವಕ್ಕಿಂತ ಉದಾರವಾಗಿದ್ದವು, ಒಟ್ಟಾರೆ ಐದು ಪಟ್ಟಿಗೂ ಹೆಚ್ಚು. ಆ ರೋಗಿಗಳಲ್ಲಿ ಅರ್ಧದಷ್ಟು ಜನ 24 ದಿನದೊಳಗೆ ತೀರಿಕೊಂಡರು. ರೋಗಿಯನ್ನು ಹೆಚ್ಚು ಕಾಲದಿಂದ ಬಲ್ಲ ವೈದ್ಯರ ಅಂದಾಜು ಇನ್ನೂ ಹೆಚ್ಚು ತಪ್ಪಾಗಿತ್ತು ಎಂಬುದು ಮನುಷ್ಯ ಸಹಜವೇ. ‘ಮುಂದಿನ ತಿಂಗಳು ಬನ್ನಿ, ಆಗ ನೋಡೋಣ’ ಎಂದು ಚೀಟಿ ಬರೆಯುವ ಹೊತ್ತಿಗೆ ಎಷ್ಟೋ ಸಲ ಮುಂದಿನ ತಿಂಗಳು ಎಂಬುದೇ ಉಳಿದಿರುವುದಿಲ್ಲ.

ರೋಗಿ ಹೇಳಲಾರದಾದಾಗ ಮನೆಯವರನ್ನು ಕೇಳಬಹುದಲ್ಲ? ಕೇಳುತ್ತಾರೆ, ಬೇರೆ ದಾರಿಯೂ ಇಲ್ಲ. ಎದ್ದು ಓಡಾಡಿದರೇ, ವಾಂತಿ ಮಾಡಿಕೊಂಡರೇ ಎಂಬಂಥ ಕಣ್ಣಿಗೆ ಕಾಣುವ ಸಂಗತಿಗಳಲ್ಲಿ ರೋಗಿಯ ಉತ್ತರಕ್ಕೂ ಹೆಂಡತಿಯ ಅಥವಾ ಮಗಳ ಉತ್ತರಕ್ಕೂ ಸಾಕಷ್ಟು ಹೊಂದಿಕೆ ಇರುತ್ತದೆ. ಮನಸ್ಸಿನ ವಿಷಯಕ್ಕೆ ಬಂದಾಗ ಮನೆಯವರು ಸಂಕಟವನ್ನು ಇದ್ದುದಕ್ಕಿಂತ ಹೆಚ್ಚಾಗಿ ಹೇಳುವುದೇ ಹೆಚ್ಚು. ತಮ್ಮ ಸಂಕಟವೂ ಅದರಲ್ಲಿ ಬೆರೆತಿರುತ್ತದೆ. ವೈದ್ಯರು ಮತ್ತು ನರ್ಸ್‌ಗಳು ಇದಕ್ಕೆ ವಿರುದ್ಧ, ಲಕ್ಷಣಗಳನ್ನು ಕಡಿಮೆ ಬರೆದುಕೊಳ್ಳುತ್ತಾರೆ.

ಸಾವಿನ ನಂತರ ಮನೆಯವರನ್ನು ಕೇಳಿದ ಅಧ್ಯಯನಗಳೂ ಇವೆ, ಅವುಗಳಿಂದ ದೊಡ್ಡ ಸಂಗತಿಗಳೇ ಹೊರಬಂದಿವೆ. ಅಮೆರಿಕದ ಹಾಲಿ ಪ್ರಿಗರ್‌ಸನ್ ತಂಡ 312 ರೋಗಿಗಳ ಕೊನೆಯ ವಾರ ಹೇಗಿತ್ತೆಂದು ಅವರನ್ನು ನೋಡಿಕೊಂಡವರಿಂದ ಆಮೇಲೆ ಕೇಳಿ ತಿಳಿದುಕೊಂಡಿತು. ಅಧ್ಯಯನಕ್ಕೆ ಸೇರುವಾಗ ಚೆನ್ನಾಗಿ ಓಡಾಡಿಕೊಂಡಿದ್ದವರೇ, ಕೀಮೋ ತೆಗೆದುಕೊಂಡಿದ್ದರೆ ಕೊನೆಯ ವಾರ ಹೆಚ್ಚು ಬಳಲಿದ್ದರು ಎಂದು 2015ರಲ್ಲಿ ಅದು ವರದಿ ಮಾಡಿತು. ಗಟ್ಟಿಯಾಗಿದ್ದಾರೆ, ತಡೆದುಕೊಳ್ಳುತ್ತಾರೆ ಎಂಬ ನಂಬಿಕೆಗೆ ಇದು ನೇರ ಏಟು. ರೋಗಿಗಳನ್ನೇ ಕೇಳಲು ಹೊರಟಿದ್ದರೆ ಈ ಉತ್ತರ ಸಿಗುತ್ತಲೇ ಇರಲಿಲ್ಲವೇನೋ. ಆದರೂ ಹಿಂದಿರುಗಿ ನೋಡಿ ಹೇಳುವ ಮಾತಿಗೆ ಅದರದ್ದೇ ಬಣ್ಣವಿರುತ್ತದೆ. ಟೊರೊಂಟೊದ ಡೊನಾಲ್ಡ್ ರೆಡೆಲ್‌ಮೈಯರ್ ಮತ್ತು ಮುಂದೆ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ 1996ರಲ್ಲಿ ತೋರಿಸಿದ್ದು ಇದನ್ನೇ. ಕರುಳಿಗೆ ಕೊಳವೆ ಹಾಕಿ ಪರೀಕ್ಷೆ ಮಾಡಿಸಿಕೊಂಡ 154 ಜನರಿಂದ ನಿಮಿಷ ನಿಮಿಷಕ್ಕೂ ನೋವಿನ ಅಂಕ ಪಡೆದರು, ಆಮೇಲೆ ಒಟ್ಟಾರೆ ಹೇಗಿತ್ತೆಂದು ಕೇಳಿದರು. ನೆನಪಿನಲ್ಲಿ ಉಳಿದದ್ದು ಅತಿ ಹೆಚ್ಚು ನೋವಿನ ಕ್ಷಣ ಮತ್ತು ಕೊನೆಯ ಮೂರು ನಿಮಿಷ. ನೋವು ಎಷ್ಟು ಹೊತ್ತು ಇತ್ತು ಎಂಬುದಕ್ಕೆ ನೆನಪು ಬೆಲೆಯನ್ನೇ ಕೊಡಲಿಲ್ಲ. ಅಪ್ಪನ ಕೊನೆಯ ತಿಂಗಳು ಹೇಗಿತ್ತೆಂದು ಕೇಳಿದರೆ ಮಗನ ಬಾಯಿಂದ ಬರುವುದು ಕೊನೆಯ ರಾತ್ರಿಯ ಕಥೆ.

ಅಳೆಯುವವರನ್ನು ಕಾಡುವ ಇನ್ನೊಂದು ಸಂಗತಿ ಮನುಷ್ಯ ಹೊಂದಿಕೊಳ್ಳುವ ಬಗೆ. ಆರು ತಿಂಗಳ ಹಿಂದೆ ಹೊಲಕ್ಕೆ ಹೋಗಲಾಗದಿದ್ದರೆ ಬದುಕೇ ಬೇಡ ಎನ್ನುತ್ತಿದ್ದವರು ಇವತ್ತು ಜಗಲಿಯ ಮೇಲೆ ಕೂತು ಮೊಮ್ಮಗನೊಂದಿಗೆ ಮಾತಾಡಿದ್ದಕ್ಕೆ ಹತ್ತಕ್ಕೆ ಎಂಟು ಕೊಡುತ್ತಾರೆ. ಅಳತೆಗೋಲೇ ಒಳಗಿನಿಂದ ಬದಲಾಗಿರುತ್ತದೆ. ಮಿರ್ಯಾಮ್ ಸ್ಪ್ರಾಂಗರ್ಸ್ ಮತ್ತು ಕ್ಯಾರೊಲಿನ್ ಶ್ವಾರ್ಟ್ಸ್ 1999ರಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ಇದನ್ನು ಅಳತೆಯ ದೋಷವೆಂದು ಕರೆದು ಲೆಕ್ಕದಿಂದ ತೆಗೆಯಲು ಹೊರಟವರೂ ಇದ್ದಾರೆ. ಅವರ ಹಟ ಅರ್ಥವಾಗುವಂಥದ್ದೇ, ಆದರೆ ಆ ಎಂಟು ಅಂಕವನ್ನು ತೆಗೆದುಬಿಟ್ಟರೆ ಉಳಿಯುವುದಾದರೂ ಏನು?

ನಮ್ಮಲ್ಲಿ ಏನು ಮುಖ್ಯ ಎಂಬುದನ್ನೂ ಯಾರಾದರೂ ಕೇಳಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ 1991ರಲ್ಲೇ ಕ್ಯಾನ್ಸರಿನ ಹಿನ್ನೆಲೆಯಲ್ಲಿ ಇದನ್ನು ಅಧ್ಯಯನ ಮಾಡಿದ್ದರು. ಓಡಾಟ, ಕೆಲಸಕ್ಕಿಂತ ಮನಃಶಾಂತಿ, ದೇವರು ಧರ್ಮದಿಂದ ಸಿಗುವ ತೃಪ್ತಿ, ನಾಲ್ಕು ಜನರೊಂದಿಗಿನ ಒಡನಾಟ ಇಲ್ಲಿನವರಿಗೆ ಹೆಚ್ಚಾಗಿತ್ತು. ಪಶ್ಚಿಮದ ಪ್ರಶ್ನಾವಳಿಗಳಲ್ಲಿ ಇವುಗಳಿಗೆ ಸಿಗುವ ಜಾಗ ಕಡಿಮೆ.

ಹೊತ್ತಿನ ತೊಂದರೆಗಳೂ ಇಲ್ಲಿ ಬೇರೆ ಬಗೆಯವು. ರಾಯಚೂರು, ಕೊಪ್ಪಳದ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದಿಳಿಯುವ ರೋಗಿಗೆ ಚೀಟಿ ಮಾಡಿಸಿ ವೈದ್ಯರ ಮುಂದೆ ಕೂರುವ ಹೊತ್ತಿಗೆ ಪ್ರಯಾಣದ ಸುಸ್ತು ಯಾವುದು, ಕಾಯಿಲೆಯ ಸುಸ್ತು ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಸ್ಕ್ಯಾನ್ ರಿಪೋರ್ಟ್ ಕೈಗೆ ಬರುವ ಮುಂಚಿನ ಅರ್ಧ ಗಂಟೆಯಲ್ಲಿ ಕೇಳಿದರೆ ಉತ್ತರವೆಲ್ಲ ಭಯ. ವೈದ್ಯರನ್ನು ಕಾಣುವ ಮುಂಚೆಯೇ ಫಾರಂ ತುಂಬಿಸಬೇಕು ಎಂದು ಯೂರೋಪಿನ ಮಾರ್ಗದರ್ಶಿಗಳು ಹೇಳುವುದಕ್ಕೆ ಕಾರಣವಿದೆ, ಒಳಗೆ ಕೇಳಿದ ಸುದ್ದಿಯೇ ಹೊರಗೆ ಬಂದು ಉತ್ತರವಾಗಬಾರದು ಎಂದು. ಆದರೆ ‘ಡಾಕ್ಟ್ರೇ, ಅಮ್ಮನಿಗೆ ಏನೂ ಹೇಳಬೇಡಿ’ ಎಂದು ಮಗ ಮೊದಲೇ ಒಳಗೆ ಬಂದು ಕೈಮುಗಿದು ಹೋಗಿರುವ ಮನೆಗಳಲ್ಲಿ ಆ ಸುದ್ದಿ ಅಮ್ಮನನ್ನು ತಲುಪಿದೆಯೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ. ಓದಲು ಬಾರದ ಅಮ್ಮನಿಗೆ ಪ್ರಶ್ನೆ ಓದಿ ಹೇಳುವವನೂ ಅದೇ ಮಗ. ಬದುಕಿನ ಬಗ್ಗೆ ಭರವಸೆಯಿದೆಯೇ ಎಂಬ ಪ್ರಶ್ನೆಯನ್ನು ಅವನು ಹೇಗೆ ಓದಿಯಾನು? ಅಮ್ಮ ಅವನ ಮುಖ ನೋಡಿಕೊಂಡೇ ‘ಆರಾಮ ಅದೀನಿ ಬಿಡಪ್ಪ’ ಎನ್ನುತ್ತಾಳೆ. ಸೊಸೆಯೊಬ್ಬಳೇ ಇದ್ದಾಗ, ಮಧ್ಯಾಹ್ನ ಮನೆ ಖಾಲಿಯಾದಾಗ ನರ್ಸ್ ಬಂದು ಕೇಳಿದರೆ ಬೇರೆಯೇ ಉತ್ತರ ಬಂದೀತು.

ಆಸ್ಪತ್ರೆಯ ಭೇಟಿಗೆ ಕಟ್ಟುಬಿದ್ದ ಪ್ರಶ್ನೆಯನ್ನು ಬಿಡಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಈಥನ್ ಬಾಷ್ ಪರೀಕ್ಷಿಸಿದರು. ಅಲ್ಲಿದ್ದವರು ಕೊನೆಯ ದಿನಗಳ ರೋಗಿಗಳಲ್ಲ, ಹರಡಿದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದ 766 ಜನ. ಒಂದು ಗುಂಪಿನವರು ಹನ್ನೆರಡು ಲಕ್ಷಣಗಳ ಬಗ್ಗೆ ಕಂಪ್ಯೂಟರಿನಲ್ಲಿ ತಾವೇ ವರದಿ ಮಾಡಬೇಕು, ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ವಾರಕ್ಕೊಮ್ಮೆ ನೆನಪೋಲೆ ಬರುತ್ತಿತ್ತು. ತೀವ್ರವಾಗಿದ್ದರೆ ಅಥವಾ ಹದಗೆಟ್ಟರೆ ನರ್ಸ್‌ಗೆ ತಕ್ಷಣ ಸೂಚನೆ. ಆರು ತಿಂಗಳ ಕೊನೆಗೆ ಬದುಕಿನ ಗುಣಮಟ್ಟ ಸುಧಾರಿಸಿದವರು ಈ ಗುಂಪಿನಲ್ಲಿ ಶೇ 34, ಮಾಮೂಲಿ ಗುಂಪಿನಲ್ಲಿ ಶೇ 18. 2017ರಲ್ಲಿ ಆಯುಷ್ಯದ ಲೆಕ್ಕವೂ ಬಂತು, 26 ತಿಂಗಳ ಬದಲು 31.2. ಹೊಸ ಔಷಧ ಏನೂ ಇರಲಿಲ್ಲ. ಪ್ರಶ್ನೆ ಬೇಗ ತಲುಪಿತು, ಉತ್ತರ ಕೇಳಿಸಿಕೊಳ್ಳುವವರು ಇದ್ದರು.

ಕೊನೆಯ ಹಂತದ ರೋಗಿಗಳಿಗೆ ಆಸ್ಟ್ರೇಲಿಯಾ ಹಿಡಿದ ದಾರಿ ಬೇರೆ. ಅಲ್ಲಿನ ಉಪಶಮನ ಆರೈಕೆ ಕೇಂದ್ರಗಳನ್ನು ಒಗ್ಗೂಡಿಸಿ 2005ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಕ್ಯಾಲೆಂಡರನ್ನು ಬದಿಗಿಟ್ಟು ರೋಗಿಯ ಹಂತವನ್ನು ನೋಡುತ್ತದೆ. ಸ್ಥಿರ, ಅಸ್ಥಿರ, ಇಳಿಮುಖ, ಅಂತಿಮ ಎಂದು ನಾಲ್ಕು ಹಂತ. ಹಂತ ಬದಲಾದಾಗಲೆಲ್ಲ ಹೊಸದಾಗಿ ಅಳೆಯಬೇಕು. ಆಸ್ಪತ್ರೆಯಲ್ಲಿದ್ದರೆ ದಿನಕ್ಕೊಮ್ಮೆಯಾದರೂ, ಮನೆಯಲ್ಲಿದ್ದರೆ ಭೇಟಿಯಾದಾಗಲೆಲ್ಲ ನೋಡಿ ಬರೆಯಬೇಕು. ಗುರಿಯೂ ಗಡಿಯಾರದ ಲೆಕ್ಕದ್ದೇ: ಅಸ್ಥಿರ ಹಂತಕ್ಕೆ ಬಂದ ನೂರು ರೋಗಿಗಳಲ್ಲಿ ತೊಂಬತ್ತು ಜನ ಮೂರು ದಿನದೊಳಗೆ ಅದರಿಂದ ಹೊರಬಂದಿರಬೇಕು. ಬರದಿದ್ದರೆ ಆ ಕೇಂದ್ರದ ವರದಿಯಲ್ಲಿ ಅದು ಕಾಣುತ್ತದೆ. ಅಂತಿಮ ಹಂತ ಬಂದಮೇಲೆ ರೋಗಿಯನ್ನು ಪ್ರಶ್ನೆಗಳಿಂದ ದಣಿಸುವುದಿಲ್ಲ, ನರ್ಸ್ ತಾವೇ ನೋಡಿ ಬರೆದುಕೊಳ್ಳುತ್ತಾರೆ.

ಇದಕ್ಕೆ ಬೇಕಾದಷ್ಟು ನರ್ಸ್‌ಗಳು ಕರ್ನಾಟಕದಲ್ಲಿ ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ನಡೆಸುವ ಕರುಣಾಶ್ರಯದಂಥ ಕಡೆ ಒಳರೋಗಿಗಳಿಗೆ ಉಚಿತ ಆರೈಕೆಯಿದೆ, ಮನೆಗೆ ಹೋಗುವ ತಂಡವೂ ಇದೆ. ರಾಜಧಾನಿಯಿಂದ ದೂರದ ತಾಲ್ಲೂಕುಗಳಲ್ಲಿ ವಾರಕ್ಕೊಮ್ಮೆ ಬರುವ ನರ್ಸ್ ಸಿಕ್ಕರೇ ಪುಣ್ಯ. ಪಕ್ಕದ ಕೇರಳ ಈ ಗಂಟನ್ನು ಬೇರೆ ರೀತಿ ಬಿಚ್ಚಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಎಂ.ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ಕಟ್ಟಿದ ಸಂಸ್ಥೆಯಿಂದ ಬೆಳೆದ ಚಳವಳಿ, 2000ದ ಆಸುಪಾಸಿನಲ್ಲಿ ಮಲಪ್ಪುರಂ ಸೀಮೆಯಲ್ಲಿ ಊರಿನ ಜನರನ್ನೇ ತರಬೇತಿ ಕೊಟ್ಟು ಸ್ವಯಂಸೇವಕರನ್ನಾಗಿ ಮಾಡಿತು. ಮೇಷ್ಟ್ರು, ಅಂಗಡಿಯವರು, ಗೃಹಿಣಿಯರು. ಪಕ್ಕದ ಬೀದಿಯವರಾದ್ದರಿಂದ ಅವರು ನರ್ಸ್ ಬರುವ ದಿನಕ್ಕೆ ಕಾಯಬೇಕಿಲ್ಲ. ನಿನ್ನೆ ಗಂಜಿ ಕುಡಿದವರು ಇವತ್ತು ಬೇಡವೆಂದರೆ, ರಾತ್ರಿ ಉಸಿರಿಗೆ ಒದ್ದಾಡಿದರೆ ಬೆಳಿಗ್ಗೆಯೇ ಫೋನ್ ಮಾಡಬಹುದು, ಶುಕ್ರವಾರಕ್ಕಿದ್ದ ನರ್ಸಿನ ಭೇಟಿ ಮಂಗಳವಾರಕ್ಕೆ ಬರಬಹುದು.